ಹುಂಜ ಕೂಗದ ದಿನ

ಕಳೆದ ತಿಂಗಳು ಸೊಸೆ ಮೊಮ್ಮಗನ ಒಡೆದ ಹಿಮ್ಮಡಿಗೆ ಹಚ್ಚಲೆಂದು ಕೊಬ್ಬರಿ ಎಣ್ಣೆಗೆ ಅರಿಶಿನ ಹಾಕಿ ಕಾಸುತ್ತಿದ್ದಳು. ರಾಮದುರ್ಗದ ಈ ಅಡುಗೆಮನೆಯಲ್ಲಿ ಆ ವಾಸನೆ ಎದ್ದದ್ದು ಅದೇ ಮೊದಲಲ್ಲ. ಆದರೆ ಅಂದು ಯಾಕೋ ರೊಟ್ಟಿ ಬಡಿಯುತ್ತಿದ್ದ ನನ್ನ ಕೈ ನಿಂತುಹೋಯಿತು. ನನ್ನ ಅಣ್ಣನ ಬೆರಳುಗಳಿಗೆ ಯಾವಾಗಲೂ ಅದೇ ವಾಸನೆ ಇರುತ್ತಿತ್ತು. ಅವನು ಆ ಎಣ್ಣೆಯನ್ನು ಹಚ್ಚುತ್ತಿದ್ದದ್ದು ಹುಂಜದ ಜುಟ್ಟಿಗೆ, ಅದರ ಕಾಲಿಗೆ…

ನಾಲ್ಕನೆಯ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಬರೆಯುವ ರೂಢಿ ಇಲ್ಲ. ಆದರೂ ಇದನ್ನು ಎಲ್ಲಾದರೂ ಒಂದು ಕಡೆ ಇಳಿಸಬೇಕು ಅನ್ನಿಸಿದೆ.

ನನ್ನ ತವರು ದೊಡವಾಡ. ನಮ್ಮದು ಲಿಂಗ ಕಟ್ಟಿಕೊಂಡವರ ಮನೆ. ನಮ್ಮ ಓಣಿಯಲ್ಲಿ ಯಾರೂ ಕೋಳಿ ಸಾಕಿದವರಲ್ಲ. ಅಂಥ ಮನೆಯ ಹಿತ್ತಲಿಗೆ ಅಣ್ಣ ಕೋಳಿ ತಂದ. ಒಮ್ಮೆ ಕಿತ್ತೂರಿಗೆ ಹೋರಿ ನೋಡಲು ಹೋದಾಗ ಯಾರದೋ ಹಿತ್ತಲಲ್ಲಿ ಬೆಂಕಿಯ ಬಣ್ಣದ ಒಂದು ಹುಂಜ ಕಂಡನಂತೆ. ಹೋರಿ ಮರೆತು ಅಲ್ಲೇ ಕುಳಿತನಂತೆ. ಅದನ್ನು ಸಾಕಿದ ಮುದುಕಿ ಇವನ ಕೊರಳು ನೋಡಿ ಕೇಳಿದಳಂತೆ:

"ಅಲ್ಲೋ ತಮ್ಮಾ, ಕೊಳ್ಳಾಗ ಲಿಂಗಾ ಐತಿ. ಕೊಯ್ಯಂಗಿಲ್ಲ, ತಿನ್ನಂಗಿಲ್ಲ. ಕೋಳಿ ಒಯ್ದು ಏನ್ ಆರತಿ ಬೆಳಗ್ತೀಯಾ?"

"ನೋಡಾಕ ಬೇಕವಾ. ಸುಮ್ನ ನೋಡಾಕ."

"ನೋಡಾಕಾದ್ರ ಒಂದು ಹೆಣ್ಣ ನೋಡೋ ಹುಚ್ಚಾ!"

ಇದನ್ನು ಹೇಳಿ ನಮ್ಮನ್ನೆಲ್ಲ ನಗಿಸಿದ. ಅಪ್ಪ ಮಾತ್ರ ನಗಲಿಲ್ಲ. ಒಂದು ಮೊಟ್ಟೆಯೂ ಹೊಸ್ತಿಲು ದಾಟಿ ಒಳಗೆ ಬರಬಾರದು ಎಂದ, ಅಷ್ಟೆ.

ಆಮೇಲೆ ಅಣ್ಣನಿಗೆ ಅದೇ ಧ್ಯಾನವಾಯಿತು. ಹೊಲದ ಕೆಲಸ ಮುಗಿದ ದಿನ ಬಸ್ಸು ಹತ್ತಿ ಕಿತ್ತೂರು, ಉಗರಗೋಳ, ಸವದತ್ತಿ ಕಡೆಯ ಹಳ್ಳಿಗಳಿಗೆಲ್ಲ ಹೋಗುತ್ತಿದ್ದ. ಕೋಳಿ ಸಾಕಿದವರ ಹಿತ್ತಲಲ್ಲಿ ಕುಕ್ಕರಗಾಲಲ್ಲಿ ಕುಳಿತು ಮರಿಗಳನ್ನು ನೋಡುತ್ತಿದ್ದ. ಕಾಲು ಹಳದಿ ಇರಬೇಕು, ಜುಟ್ಟು ನೆಟ್ಟಗೆ ನಿಲ್ಲಬೇಕು, ಕೆಂಪಿನಲ್ಲಿ ಒಂದೂ ಬಿಳಿ ಗರಿ ಇರಬಾರದು. ತಂದ ಮರಿ ಬೆಳೆದು ಒಂದು ಬಿಳಿ ಗರಿ ತೋರಿಸಿದರೂ ಒಯ್ದು ಕೊಟ್ಟವರಿಗೇ ತಿರುಗಿ ಕೊಟ್ಟು ಬರುತ್ತಿದ್ದ. ಹೀಗೆ ವರ್ಷಗಟ್ಟಲೆ ಹುಡುಕಿದ ಮೇಲೆ ಒಂದು ಹುಂಜ ಅವನ ಮನಸ್ಸಿಗೆ ಬಂತು. ಅದಕ್ಕೆ ಜೋಳದ ನುಚ್ಚು, ಗರಿ ಮಿಂಚಲೆಂದು ಶೇಂಗಾ ಹಿಂಡಿ. ಬಾಲ ನೆಲಕ್ಕೆ ತಾಗಬಾರದೆಂದು ಎತ್ತರದಲ್ಲಿ ಒಂದು ಬಿದಿರ ಕೋಲು ಕಟ್ಟಿದ್ದ. ಆ ಬಾಲದಲ್ಲಿ ಕುಡುಗೋಲಿನ ಹಾಗೆ ಬಾಗಿದ ಎರಡು ಉದ್ದ ಗರಿ. ಬಿಸಿಲಿಗೆ ಅವು ಹಸಿರೋ ಕಪ್ಪೋ ಹೇಳಲು ಬರುತ್ತಿರಲಿಲ್ಲ.

ಅದು ತೊಂಬತ್ತರ ದಶಕದ ನಡುವಿನ ಮಾತು. ನನಗೆ ಗಂಡು ನೋಡುತ್ತಿದ್ದರು. ಕೋಳಿ ಇರುವ ಮನೆಯ ಹೆಣ್ಣು ಯಾರು ತರುತ್ತಾರೆ ಎಂದು ಓಣಿಯ ಹೆಂಗಸರು ಅವ್ವನ ಮುಂದೆಯೇ ಅಂದರು. ಅಪ್ಪ ಅಣ್ಣನನ್ನು ಕರೆದ. ಆಗ ಅಣ್ಣ ಅಪ್ಪನಿಗೆ ಬೈಲಹೊಂಗಲದ ಜಾನುವಾರು ಪ್ರದರ್ಶನದ ಸುದ್ದಿ ಹೇಳಿದ. ಎತ್ತು, ಎಮ್ಮೆಗಳ ಜೊತೆ ಕೋಳಿಗೂ ಅಲ್ಲಿ ಬಹುಮಾನ ಕೊಡುತ್ತಿದ್ದರು.

ಅಪ್ಪ ಹೇಳಿದ: "ಆತು. ನಾಕು ಮಂದಿ ಮುಂದ ನಿನ್ನ ಹುಂಜಾ ಚಲೋ ಅನಿಸಿಕೊಂಡ್ರ ಇರ್ಲಿ, ನಾ ತಡ್ಯಾಂವ ಅಲ್ಲ. ಇಲ್ಲಾಂದ್ರ ಈ ಹಿತ್ತಲದಾಗ ಒಂದು ಗರಿ ಕಾಣಬಾರದು. ಮುಂದ ಸಾಕೂದೂ ಇಲ್ಲ. ಮಾತು ಕೊಡು."

ಅಣ್ಣ ಮಾತು ಕೊಟ್ಟ.

ಪ್ರದರ್ಶನದ ಹಿಂದಿನ ದಿನ ಅಣ್ಣ ಹೆಸರು ಬರೆಸಲು ಬೈಲಹೊಂಗಲಕ್ಕೆ ಹೋಗಿದ್ದ. ಫೋನ್ ಇದ್ದ ಕಿರಾಣಿ ಅಂಗಡಿಯವರು ಓಡಿ ಬಂದು, ನನ್ನನ್ನು ನೋಡಲು ವಾರ ಬಿಟ್ಟು ಬರಬೇಕಿದ್ದ ರಾಮದುರ್ಗದ ಬೀಗರು ಇವತ್ತೇ ಜೀಪಿನಲ್ಲಿ ಹೊರಟಿದ್ದಾರೆ ಎಂದು ಹೇಳಿದರು. ಅವ್ವನಿಗೆ ದಿಕ್ಕೇ ತೋಚದಾಯಿತು. ಹೇಂಟೆಗಳನ್ನು ಹೆಡಗೆಯಲ್ಲಿ ಹಾಕಿ ಆಳಿನವಳ ತಲೆಯ ಮೇಲೆ ಹೊಲಕ್ಕೆ ಕಳಿಸಿದೆವು. ಹುಂಜ ಅವಳ ಕೈಗೆ ಬರಲಿಲ್ಲ. ಅದು ಅಣ್ಣನನ್ನು ಬಿಟ್ಟರೆ ನನಗೆ ಮಾತ್ರ ಸಿಗುತ್ತಿತ್ತು.

"ಏನರ ಮಾಡವಾ, ಅದರ ಬಾಯಿ ಮುಚ್ಚಸು," ಎಂದಳು ಅವ್ವ.

ಹುಂಜ ಕೂಗಬೇಕಾದರೆ ಕೊರಳು ಮೇಲೆತ್ತಬೇಕು, ಎತ್ತಲು ಜಾಗವಿಲ್ಲದಿದ್ದರೆ ಕೂಗುವುದಿಲ್ಲ. ಇದನ್ನು ನನಗೆ ಹೇಳಿಕೊಟ್ಟವನೇ ಅಣ್ಣ. ಕೊಟ್ಟಿಗೆಯಲ್ಲಿ ಪಂಪ್‌ಸೆಟ್ಟಿನ ಸಾಮಾನು ಬಂದಿದ್ದ ಒಂದು ಗಿಡ್ಡ ಕಟ್ಟಿಗೆಯ ಪೆಟ್ಟಿಗೆ ಇತ್ತು. ಹುಂಜವನ್ನು ಎತ್ತಿ ಅದರಲ್ಲಿ ಕೂಡಿಸಿದೆ. ಬಾಲ ಹೊರಗೆ ಉಳಿಯಿತು. ಮುಚ್ಚಳ ಕೂಡಲಿಲ್ಲ. ನನಗೆ ಗೊತ್ತಿತ್ತು. ಆ ಬಾಲ ಏನೆಂದು ಅಣ್ಣನಷ್ಟೇ ನನಗೂ ಗೊತ್ತಿತ್ತು. ಕೈಯಿಂದ ಅದನ್ನು ಒಳಗೆ ಮಡಚಿ, ಮುಚ್ಚಳ ಹಾಕಿ, ಮೇಲೆ ಒಂದು ಕಲ್ಲಿಟ್ಟೆ. ಗರಿಯ ಕಡ್ಡಿ ಮುರಿದ ಸಪ್ಪಳ ಕೇಳಿಸಿತು.

ಬೀಗರು ಬಂದರು. ಉಪ್ಪಿಟ್ಟು ತಿಂದರು, ಚಹಾ ಕುಡಿದರು, ನನ್ನನ್ನು ನೋಡಿದರು. ಹಿತ್ತಲಿಂದ ಒಂದು ಸದ್ದೂ ಬರಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಣ್ಣ ಬಂದ. ನಾನೇ ಪೆಟ್ಟಿಗೆ ತೋರಿಸಿದೆ. ಹುಂಜವನ್ನು ಹೊರತೆಗೆದು ತೊಡೆಯ ಮೇಲಿಟ್ಟುಕೊಂಡ. ಉದ್ದ ಗರಿ ಎರಡೂ ನಡುವೆ ಮುರಿದು ಜೋತಾಡುತ್ತಿದ್ದವು. ಬಹಳ ಹೊತ್ತು ಅವನ್ನು ನೇರ ಮಾಡಿ ಹಿಡಿದುಕೊಂಡು ಕುಳಿತ. ಕೈ ಬಿಟ್ಟರೆ ಮತ್ತೆ ಬೀಳುತ್ತಿದ್ದವು. ಕೊನೆಗೆ ಕೇಳಿದ:

"ಅವರು ನಿನ್ನ ಒಪ್ಪಿದ್ರೇನ?"

ಒಪ್ಪಿದರು ಎಂದೆ.

"ಚಲೋ ಆತು ಬಿಡು."

ಮರುದಿನ ಅವನು ಹೋಗುವುದಿಲ್ಲ ಎಂದುಕೊಂಡಿದ್ದೆ. ಹೋದ. ಜುಟ್ಟಿಗೆ ಎಣ್ಣೆ ಹಚ್ಚಿ, ಹುಂಜವನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಮೊದಲ ಬಸ್ಸಿಗೆ ಹೋದ. ಸಂಜೆ ತಿರುಗಿ ಬಂದಾಗ ಅಪ್ಪ ಕಟ್ಟೆಯ ಮೇಲೆ ಕುಳಿತಿದ್ದ.

"ಏನಂದ್ರು?"

"ಹಕ್ಕಿ ಚಲೋ ಐತಿ, ಆದ್ರ ಬಾಲ ಮುರದೈತಿ, ಬಹುಮಾನ ಬರಂಗಿಲ್ಲ ಅಂದ್ರು."

"ಹೆಂಗ ಮುರೀತು?"

ನಾನು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಅಣ್ಣ ನನ್ನ ಕಡೆ ನೋಡಲಿಲ್ಲ. "ಬಸ್ಸಿನ್ಯಾಗ ಮಂದಿ ಭಾಳ ಇತ್ತು," ಎಂದ.

ಅಪ್ಪ ಬಿಗಿ ಮನುಷ್ಯ, ಆದರೆ ನ್ಯಾಯ ತಪ್ಪಿದವನಲ್ಲ. ಮುರಿದದ್ದು ನಾನು ಎಂದು ಗೊತ್ತಾಗಿದ್ದರೆ ಮುಂದಿನ ವರ್ಷದ ತನಕ ಅವಕಾಶ ಕೊಡುತ್ತಿದ್ದ. ಕೋಳಿಯ ಗರಿಗಳು ಉದುರಿ ಮತ್ತೆ ಬರುತ್ತವೆ. ನಾನು ಒಂದು ಮಾತು ಆಡಿದ್ದರೆ ಸಾಕಿತ್ತು. ಆಡಲಿಲ್ಲ. ಹೆದರಿಕೆಯಿಂದ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಅದು ನಿಜವಲ್ಲ. ನನ್ನ ತಲೆಯ ಮೇಲೆ ಮದುವೆಯ ಅಕ್ಕಿಕಾಳು ಬೀಳುವ ತನಕ ಆ ಹಿತ್ತಲಲ್ಲಿ ಕೋಳಿ ಇರುವುದು ನನಗೇ ಬೇಡವಾಗಿತ್ತು.

ಅದೇ ವಾರ ಅಣ್ಣ ಎಲ್ಲವನ್ನೂ ಕಿತ್ತೂರಿನ ಮುದುಕಿಗೆ ಕೊಟ್ಟು ಬಂದ. ನನ್ನ ಮದುವೆಯಲ್ಲಿ ನೀರು ಹೊರುವುದರಿಂದ ಪತ್ರಾವಳಿ ಎತ್ತುವ ತನಕ ಅವನೇ ದುಡಿದ. ಆಮೇಲೆ ಹೊಲದ ಮನೆಗೆ ಹೋಗಿ ಇರತೊಡಗಿದ. ಲಗ್ನದ ಮಾತು ಬಂದರೆ ಎದ್ದು ಹೋಗುತ್ತಿದ್ದ. ಪ್ರತಿ ವರ್ಷ ಪಂಚಮಿಗೆ ನನ್ನನ್ನು ಕರೆಯಲು ಬರುತ್ತಿದ್ದ. ಬಸ್ಸಿನಲ್ಲಿ ಪಕ್ಕದಲ್ಲೇ ಕುಳಿತಿರುತ್ತಿದ್ದ, ಚೀಲ ತೊಡೆಯ ಮೇಲೆ, ಮುಖ ಕಿಟಕಿಯ ಕಡೆ. ಸವದತ್ತಿ ಬರುವುದರೊಳಗೆ ಹೇಳಿಬಿಡಬೇಕು, ತಪ್ಪಾಯಿತು ಅನ್ನಬೇಕು ಎಂದುಕೊಳ್ಳುತ್ತಿದ್ದೆ. ಸವದತ್ತಿ ಬರುತ್ತಿತ್ತು, ಇಳಿದು ಇನ್ನೊಂದು ಬಸ್ಸು ಹತ್ತುತ್ತಿದ್ದೆವು… ಒಂದು ಸಲ ಮಾತ್ರ, "ಅಣ್ಣಾ, ಹೊಲದಾಗರ ಎರಡು ಹೇಂಟಿ ಸಾಕಬಾರದೇನ?" ಎಂದೆ.

"ಅಪ್ಪಗ ಮಾತು ಕೊಟ್ಟೇನಲ್ಲ ತಂಗಿ," ಎಂದ.

ಅಪ್ಪ ತೀರಿಕೊಂಡು ಆಗಲೇ ಎರಡು ಪಂಚಮಿ ಕಳೆದಿದ್ದವು.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ಅಣ್ಣನೂ ಹೋದ. ಹೊಲದ ಮನೆಯಲ್ಲಿ, ಒಬ್ಬನೇ. ಜ್ವರ ಬಂದಿತ್ತಂತೆ. ಯಾರಿಗೂ ಹೇಳಿರಲಿಲ್ಲ.

ಕಳೆದ ತಿಂಗಳು, ರೊಟ್ಟಿ ಬಡಿಯುವ ಕೈ ನಿಂತ ದಿನ, ನಮ್ಮ ಮನೆಯವರು ಏನಾಯಿತು ಎಂದು ಕೇಳಿದರು. ಇಷ್ಟು ವರ್ಷದ ಸಂಸಾರದಲ್ಲಿ ಮೊದಲ ಬಾರಿಗೆ ಎಲ್ಲವನ್ನೂ ಹೇಳಿದೆ. ಅವರು ಕೇಳಿ ನಕ್ಕುಬಿಟ್ಟರು.

"ಅಯ್ಯ, ನಿಮ್ಮ ಮನ್ಯಾಗ ಕೋಳಿ ಅದಾವಂತ ನಮಗ ಗೊತ್ತಿತ್ತಲ್ಲ! ಊರಾಗ ಜೀಪ ನಿಲ್ಲಿಸಿ ನಿಮ್ಮಪ್ಪನ ಹೆಸರು ಹೇಳಿ ಕೇಳಿದ್ರ ಒಬ್ಬಾಂವ ಏನಂದ ಗೊತ್ತೇನ? 'ಓ, ಕೋಳಿ ಅಣ್ಣನ ಮನೀನ್ರಿ?' ಅಂದು ಓಣಿತನಕ ಬಂದು ತೋರಿಸಿ ಹೋದ. ನಮ್ಮವ್ವಗ ಆ ಹುಂಜಾ ನೋಡೂ ಆಸೆ ಇತ್ತು. ಎಲ್ಲೂ ಕಾಣಲಿಲ್ಲ. ಕೇಳಿದ್ರ ತಪ್ಪು ತಿಳೀತಾರಂತ ಸುಮ್ಮನಾದ್ಲು."

ಅವರು ಇನ್ನೂ ನಗುತ್ತಲೇ ಇದ್ದರು. ಸೊಸೆಯೂ ನಕ್ಕಳು. ನಾನೂ ನಗಲು ನೋಡಿದೆ. ಅಪ್ಪ, ಅವ್ವ, ಅತ್ತೆ ಯಾರೂ ಈಗಿಲ್ಲ. ಇದನ್ನು ಹೇಳಬೇಕಾದವನು ಒಬ್ಬನೇ ಇದ್ದ. ಅವನಾದರೆ ಇದಕ್ಕೆ ಹೇಗೆ ನಗುತ್ತಿದ್ದನೋ ನೆನಪಿಗೆ ತಂದುಕೊಳ್ಳಲು ನೋಡಿದೆ… ಬರಲಿಲ್ಲ. ಹಿತ್ತಲು ಖಾಲಿಯಾದ ಮೇಲೆ ಅವನು ನಕ್ಕದ್ದನ್ನು ನಾನು ನೋಡಿಯೇ ಇಲ್ಲ.