ಕಂಬಳಿಗೆ ಒಗ್ಗದ ಗ್ಯಾಸು

ಎಪ್ಪತ್ತರ ದಶಕದಲ್ಲಿ ಬಬ್ಬೂರಿನ ಬಯಲಲ್ಲಿ ಹವಾಮಾನದ ಬಲೂನು ಬಿಡುವುದು ನನ್ನ ಕೆಲಸ. ತುಂಬುವಾಗ ಬಲೂನು ಗಾಳಿಗೆ ಎಳೆಯುತ್ತದೆ, ಹಿಡಿಯಲು ಇನ್ನೊಬ್ಬರು ಬೇಕು. ನನ್ನ ಜೊತೆಗಾರ ಕರಿಯಪ್ಪ, ಕುರಿ ಸಾಕುವ ಮನೆಯವನು. ಹೆಗಲ ಮೇಲೆ ಕಂಬಳಿಯಿಲ್ಲದೆ ಅವನನ್ನು ಯಾರೂ ಕಂಡಿಲ್ಲ.

ಚಳಿಗಾಲದ ಒಂದು ಮುಂಜಾನೆ ಅವನು ಕಂಬಳಿ ಕೊಡವಿದಾಗ ಒಣಗಿದ ಉಣ್ಣೆಯಿಂದ ಚಟಚಟ ಕಿಡಿ ಹಾರಿತು. ನಾವು ತುಂಬುತ್ತಿದ್ದುದು ಹೈಡ್ರೋಜನ್. ಒಂದು ಕಿಡಿ ತಗುಲಿದರೆ ಇಬ್ಬರೂ ಸುಟ್ಟುಹೋಗುತ್ತೇವೆ. ಹೀಲಿಯಂ ಉರಿಯುವುದಿಲ್ಲ, ಆದರೆ ಅದು ಪರದೇಶದ ದುಬಾರಿ ಮಾಲು. ಇದ್ದ ಒಂದೇ ಸಿಲಿಂಡರನ್ನು ಅಪ್ಪಣೆಯಿಲ್ಲದೆ ಮುಟ್ಟುವಂತಿರಲಿಲ್ಲ.

ಅವತ್ತೇ ತಪಾಸಣೆಗೆ ಅಧಿಕಾರಿ ಬಂದಿದ್ದರು. ಕಿಡಿಯ ವಿಷಯ ಹೇಳಿ ಹೀಲಿಯಂ ಕೇಳಿದೆ. "ಕಂಬಳಿ ತೆಗೆಸಿ, ಹೈಡ್ರೋಜನ್ನೇ ತುಂಬಿ" ಎಂದರು.

ಕರಿಯಪ್ಪ ಕದಲಲಿಲ್ಲ. "ದೇವ್ರಿಗೆ ಗದ್ದುಗೆ ಹಾಕಾದು ಇದ್ರಾಗೇ ಸಾಮಿ. ನೀವು ಅಂದ್ರಿ ಅಂತ ಇಳ್ಸಲ್ಲ. ಬೇಕಾದ್ರೆ ನಿಮ್ ಗ್ಯಾಸೇ ಬದ್ಲು ಮಾಡ್ರಿ."

"ಇವನನ್ನು ಕಳಿಸಿ, ಬೇರೆ ಆಳು ಕರೆಯಿರಿ" ಎಂದು ಅಧಿಕಾರಿ ನನ್ನ ಕಡೆ ತಿರುಗಿದರು.

"ಕರೆಯೋದಿಲ್ಲ" ಎಂದೆ. ಹೀಲಿಯಂ ಸಿಲಿಂಡರಿನ ತಿರುಪು ಬಿಚ್ಚಿದೆ.

"ಯಾರ ಅಪ್ಪಣೆ?"

"ನನ್ನದೇ. ಹೈಡ್ರೋಜನ್ನೇ ಆಗಬೇಕಾದರೆ ಬಲೂನು ನೀವು ಹಿಡೀರಿ."

ಅವರು ತಮ್ಮ ಉಣ್ಣೆ ಸ್ವೆಟರು ನೋಡಿಕೊಂಡು ಹಿಂದೆ ಸರಿದರು. ಬಲೂನು ಹೊತ್ತಿಗೆ ಸರಿಯಾಗಿ ಏರಿತು. ಕರಿಯಪ್ಪ ಕಂಬಳಿ ಸರಿಮಾಡಿಕೊಂಡು ಅದನ್ನೇ ನೋಡುತ್ತ ನಿಂತ.

ಆಮೇಲೆ ನನ್ನನ್ನು ಹೊಳಲ್ಕೆರೆಗೆ ಹಾಕಿದರು. ಅಲ್ಲಿ ಬಲೂನಿಲ್ಲ, ಮಳೆ ಅಳೆಯುವುದಷ್ಟೇ. ಹೊರಟ ದಿನ ಕರಿಯಪ್ಪ ನನಗೂ ಒಂದು ಕಂಬಳಿ ಹೊದಿಸಿದ. ಹೊಳಲ್ಕೆರೆಯಲ್ಲಿ ಅದನ್ನು ತೆಗೆಯಿರಿ ಎಂದು ಯಾರೂ ಹೇಳಲಿಲ್ಲ. ಹೇಳಿದ್ದರೂ ತೆಗೆಯುತ್ತಿರಲಿಲ್ಲ.