ಮಾಳಿಗೆಯ ಮೇಲಿನ ಸ್ಕೀ ಗುಡ್ಡ

ಸ್ಕೀ ಜಿಗಿತದ ಹುಚ್ಚು ನನಗೆ ಹಿಡಿದದ್ದು ಟೈಫಾಯ್ಡ್ ಬಂದು ಮಲಗಿದ್ದಾಗ. ಟಿವಿಯಲ್ಲಿ ಒಬ್ಬ ಮನುಷ್ಯ ಎತ್ತರದ ಇಳಿಜಾರಿನಿಂದ ಜಾರಿ ಬಂದು, ಕಾಲಿಗೆ ಕಟ್ಟಿದ ಎರಡು ಉದ್ದನೆಯ ಹಲಗೆಗಳ ಮೇಲೆ ಗಾಳಿಗೆ ಒರಗಿ, ದೂರದ ಹಿಮದತ್ತ ತೇಲಿಹೋದ. ಅವಸರವೇ ಇರಲಿಲ್ಲ ಅವನಿಗೆ. ಆಮೇಲೆ ಪ್ರತಿ ಚಳಿಗಾಲ ಮೊಬೈಲಿನಲ್ಲಿ ಹುಡುಕಿ ನೋಡತೊಡಗಿದೆ. ನಾನು ಕೆಲಸ ಮಾಡುವುದು ಹುಬ್ಬಳ್ಳಿಯ ಕಾಲೇಜೊಂದರ ಫಿಸಿಕ್ಸ್ ಲ್ಯಾಬಿನಲ್ಲಿ. ಅಲ್ಲಿ ಆಟ ಅಂದರೆ ಕ್ರಿಕೆಟ್ಟು, ಇದರ ಮಾತಿಗೆ ಯಾರೂ ಸಿಗಲಿಲ್ಲ.

ಕೊನೆಗೆ ವಿದ್ಯಾನಗರದ ನಮ್ಮ ಮನೆಯ ಮಾಳಿಗೆಯ ಮೇಲೆ ನಾನೇ ಒಂದು ಗುಡ್ಡ ಕಟ್ಟಿದೆ. ನೀರಿನ ಟಾಕಿಯ ಕಟ್ಟೆಗೆ ಒರಗಿಸಿದ ಪ್ಲೈವುಡ್ಡು, ಜಾರುವುದಕ್ಕೆ ಕೇರಂ ಪೌಡರು. ಜಿಗಿಯುವವರು ಹೆಬ್ಬೆರಳಿನಷ್ಟು ಉದ್ದದ ಕಟ್ಟಿಗೆಯ ಗೊಂಬೆಗಳು, ಕಾಲಿಗೆ ಐಸ್‌ಕ್ರೀಮ್ ಕಡ್ಡಿ. ಹಾರುವುದೇನೋ ಹಾರುತ್ತಿದ್ದವು. ಆದರೆ ಸಿಮೆಂಟಿನ ನೆಲಕ್ಕೆ ಬಿದ್ದು ಒಂದೋ ಕಡ್ಡಿ ಮುರಿಯುತ್ತಿತ್ತು, ಇಲ್ಲವೇ ಕುತ್ತಿಗೆ. ಸಂಜೆಯೆಲ್ಲ ಫೆವಿಕಾಲ್ ಹಚ್ಚುತ್ತ ಕೂರುವ ಗಂಡನನ್ನು ಕಂಡು ಹೆಂಡತಿ ನಗುವುದನ್ನೂ ಬಿಟ್ಟಿದ್ದಳು.

ಆ ಹೊತ್ತಿಗೆ ಮೊಣಕಾಲಿನ ಆಪರೇಷನ್ನಿಗೆಂದು ಹೆಂಡತಿಯ ತವರು ಅಮ್ಮಿನಬಾವಿಯಿಂದ ಅತ್ತೆ ಬಂದರು. ಮದುವೆಯಾಗಿ ಇಪ್ಪತ್ತೆರಡು ವರ್ಷವಾಗಿದ್ದರೂ ಅವರು ನನ್ನೆದುರು ಕುರ್ಚಿಯಲ್ಲಿ ಕೂತವರಲ್ಲ. ನನಗೆ ಹೇಳಬೇಕಾದದ್ದನ್ನು ತಲೆಯ ಮೇಲೆ ಸೆರಗೆಳೆದುಕೊಂಡು ಮಗಳಿಗೆ ಹೇಳುತ್ತಿದ್ದರು. ಆಪರೇಷನ್ ಆಗಿ ಕೆಲವು ವಾರಕ್ಕೆ ಡಾಕ್ಟರು ಮೆಟ್ಟಿಲು ಹತ್ತಿಳಿಯಲು ಹೇಳಿದಾಗ, ನಮ್ಮೂರ ಮನೆಯಲ್ಲಿ ಮೆಟ್ಟಿಲೇ ಇಲ್ಲ ಎಂದು ಹಟ ಹಿಡಿದರು. ಒಂದು ಸಂಜೆ ಮೇಲಿನಿಂದ ಟಕ್ ಟಕ್ ಸದ್ದು ಕೇಳಿ ಏನದು ಎಂದು ಮಗಳನ್ನು ವಿಚಾರಿಸಿದ್ದಾರೆ. ಹೋಗಿ ನೀವೇ ನೋಡಿ ಎಂದಿದ್ದಾಳೆ ಅವಳು.

ಕಂಬಿ ಹಿಡಿದು, ಒಂದೊಂದೇ ಮೆಟ್ಟಿಲು ಏರಿ ಅತ್ತೆ ಬಂದು ನಿಂತಾಗ ನನಗೆ ಏನು ಮಾಡಬೇಕೋ ತಿಳಿಯಲಿಲ್ಲ. ಮುಜುಗರಕ್ಕೆ ಒಂದು ಗೊಂಬೆ ಬಿಟ್ಟೆ. ಹಾರಿತು, ಬಿತ್ತು, ಮುರಿಯಿತು.

"ಅಳಿಯಂದ್ರ, ಬೀಳೂ ಜಾಗ ಸಪಾಟ ಐತಲ್ರಿ," ಎಂದರು. "ಅದಕ್ಕ ಮುರಿಯಾಕತ್ತೈತಿ. ಇಳಕಲ ಮಾಡ್ರಿ."

ನಿಮಗೆ ಹೇಗೆ ಗೊತ್ತು ಎಂದು ಕೇಳಿದೆ. ಅವರು ಸಣ್ಣವರಿದ್ದಾಗ ಹೊಟ್ಟಿನ ಬಣವೆ ಹತ್ತಿ ಜಿಗಿಯುತ್ತಿದ್ದರಂತೆ. ಕಣದ ನೆಲಕ್ಕೆ ಬಿದ್ದವರಿಗೆ ಪೆಟ್ಟು. ಪಕ್ಕದ ಬಣವೆಯ ಇಳಿಜಾರಿಗೆ ಬಿದ್ದವರು ಜಾರಿ ಎದ್ದು ನಿಲ್ಲುತ್ತಿದ್ದರು. ಎಲ್ಲರಿಗಿಂತ ದೂರ ಹಾರುತ್ತಿದ್ದವರು ಇವರೇ.

"ಹನ್ನೆರಡು ವರ್ಷಕ್ಕ ಸೀರಿ ಉಡಿಸಿದ್ರು," ಎಂದು ಪ್ಯಾರಾಪೆಟ್ಟಿನ ಆಚೆ ನೋಡಿದರು. "ಅಲ್ಲಿಗೆ ಮುಗೀತ್ರಿ."

ನನಗೆ ನಾಚಿಕೆಯಾಯಿತು. ಅಷ್ಟು ಜಿಗಿತ ನೋಡಿದ್ದರೂ ನನ್ನ ಕಣ್ಣು ಯಾವಾಗಲೂ ಹಾರುವವನ ಮೇಲೆ. ಅವನ ಕೆಳಗಿನ ಹಿಮದ ನೆಲವೂ ಇಳಿಜಾರಾಗಿ ಅವನ ಜೊತೆಗೇ ಇಳಿಯುತ್ತಿದೆ ಎಂಬುದನ್ನು ಗಮನಿಸಿರಲಿಲ್ಲ. ಮರುದಿನ ಇನ್ನೊಂದು ಹಲಗೆಯನ್ನು ಇಳಿಜಾರಾಗಿ ನಿಲ್ಲಿಸಿ ಮೇಲೆ ಹಳೆಯ ಧೋತರ ಬಿಗಿದೆ. ಗೊಂಬೆ ಹಾರಿ, ಬಟ್ಟೆಗೆ ತಾಗಿ, ಜಾರಿ, ತಳದಲ್ಲಿ ನೆಟ್ಟಗೆ ನಿಂತಿತು. ಅಂದೂ ಮೇಲೆ ಬಂದಿದ್ದ ಅತ್ತೆ ಅಲ್ಲಿದ್ದ ಪ್ಲಾಸ್ಟಿಕ್ ಕುರ್ಚಿಯನ್ನು ಎಳೆದುಕೊಂಡು ಕೂತರು. ಇನ್ನೊಂದು ಬಿಡಿ ಎಂದರು.

ಆಮೇಲೆ ಪ್ರತಿ ಸಂಜೆ ಮೆಟ್ಟಿಲು ಹತ್ತಿದರು. ಕೆಂಪು ಬಣ್ಣದ ಗೊಂಬೆ ಅವರದಾಯಿತು. ಅದರ ಕಡ್ಡಿಯ ತುದಿಗೆ ಚೂರು ಮೇಣ ಮೆತ್ತಿ ತೂಕ ಸರಿಮಾಡಿದರು. ನಾನು ಟೇಪಿನಲ್ಲಿ ಅಳೆದರೆ ಅವರು ನಂಬದೆ ಗೇಣು ಹಾಕಿ ನೋಡುತ್ತಿದ್ದರು. ಹೆಚ್ಚು ಸಲ ಸೋಲುತ್ತಿದ್ದವನು ನಾನು.

ಒಂದು ದಿನ ಮೊಬೈಲಿನಲ್ಲಿ ಹೆಂಗಸರ ಸ್ಪರ್ಧೆ ತೋರಿಸಿದೆ. ಒಬ್ಬಾಕೆ ದೂರ ಹಾರಿ ಇಳಿದು ಹೆಲ್ಮೆಟ್ ತೆಗೆದಳು. ಜಡೆ ಬೆನ್ನಿಗೆ ಬಿತ್ತು. ಅತ್ತೆ ಅದನ್ನು ಮತ್ತೆ ಹಾಕಿಸಿ ನೋಡಿದರು.

"ಇವರಿಗೆ ಯಾರೂ ಬ್ಯಾಡ ಅನ್ನಲಿಲ್ಲೇನ್ರಿ?"

"ಅಂದಿದ್ರು, ಅತ್ತಿ. ಭಾಳ ವರ್ಷ ಬ್ಯಾಡ ಅಂದಿದ್ರು."

ಅವರು ಕೆಂಪು ಗೊಂಬೆಯನ್ನು ಎತ್ತಿಕೊಂಡು ಅದರ ಕಡ್ಡಿಗೆ ಹತ್ತಿದ್ದ ಪೌಡರು ಒರೆಸಿದರು. ಅಷ್ಟು ವರ್ಷ ಅವರ ಕೈಯಿಂದ ಬಡಿಸಿಕೊಂಡು ಉಂಡವನು, ಹುಡುಗಿಯಾಗಿದ್ದಾಗ ಅವರು ಹೇಗಿದ್ದರೆಂದು ಒಮ್ಮೆಯೂ ಕೇಳಿರಲಿಲ್ಲವಲ್ಲ ಎಂದು ನನಗಾಗ ಹೊಳೆಯಿತು.

ಮಳೆಗಾಲದ ಮೊದಲು ಅವರು ಊರಿಗೆ ಹೋದರು. ನೆನೆದು ಪ್ಲೈವುಡ್ಡು ಉಬ್ಬಿಹೋಯಿತು. ಈಗ ಲಕಮನಹಳ್ಳಿಯ ಸಾ ಮಿಲ್ಲಿನಲ್ಲಿ ದಪ್ಪ ಹಲಗೆ ಕೊಯ್ಯಿಸಿ ತಂದು ಹೊಸ ಗುಡ್ಡ ಕಟ್ಟುತ್ತಿದ್ದೇನೆ. ಸುಗ್ಗಿ ಮುಗಿಸಿಕೊಂಡು ಬರುತ್ತೇನೆ, ಎಂಟು ದಿನ ಇರುತ್ತೇನೆ ಎಂದಿದ್ದಾರೆ ಅತ್ತೆ.