ಬಾಟಲಿಗೆ ಸುರಿದ ಕಡೇ ನೀರು

ಬಾಟಲಿ ತೊಳೆಯುವುದು ನನ್ನ ಕೆಲಸವಾಗಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನಿವೃತ್ತಿಯ ಹೊತ್ತಿಗೆ ನನ್ನ ಹುದ್ದೆಗೆ ಉದ್ದನೆಯ ಹೆಸರು ಬಂದಿತ್ತು, ಮನೆಯವರು ಯಾರಿಗಾದರೂ ಅದನ್ನೇ ಹೇಳುತ್ತಾರೆ. ನಾನು ಸೇರಿದ್ದು ಬಾಟಲಿ ತೊಳೆಯಲು.

ಶಹಾಬಾದಿನ ಅಂಚಿನಲ್ಲಿ, ಕಲ್ಲಿನ ಗಣಿಗಳಿಗೆ ಹೋಗುವ ದಾರಿಯಲ್ಲಿ, ಎರಡು ಕೋಣೆಯ ಪ್ರಯೋಗಾಲಯವಿತ್ತು. ಸುತ್ತಲಿನ ದನಕರು, ಕುರಿ, ಹಂದಿಗಳಿಗೆ ಬಂದ ರೋಗ ಯಾವುದೆಂದು ಪತ್ತೆ ಮಾಡುವುದು ಅಲ್ಲಿಯ ಕೆಲಸ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗಿ ಒಂದೆರಡು ವರ್ಷವಾಗಿದ್ದರೂ ನಮ್ಮ ರಬ್ಬರ್ ಸೀಲಿನಲ್ಲಿ ಇನ್ನೂ ಮೈಸೂರು ಎಂದೇ ಇತ್ತು. ಇದ್ದವರು ಇಬ್ಬರೇ, ಮೈಸೂರು ಕಡೆಯಿಂದ ವರ್ಗವಾಗಿ ಬಂದ ಡಾಕ್ಟರು ಮತ್ತು ನಾನು.

ನಾನು ಓದಿದ್ದು ಮಠದ ಪ್ರಸಾದನಿಲಯದಲ್ಲಿ. ಬೆಳಗಿನ ನಾಲ್ಕಕ್ಕೆ ಏಳಬೇಕು, ಹಾಸಿಗೆ ಸುತ್ತಿಡಬೇಕು, ಉಂಡ ತಟ್ಟೆ ತಾನೇ ತೊಳೆಯಬೇಕು. ತೊಳೆಯುವುದಕ್ಕೂ ಕ್ರಮವಿತ್ತು. ಬೂದಿಯಿಂದ ತಿಕ್ಕುವುದು, ಎರಡು ಸಲ ನೀರು ಹಾಕುವುದು, ಆಮೇಲೆ ಬಾವಿಯಿಂದ ಆಗಷ್ಟೇ ಸೇದಿದ ಕೊಡದಿಂದ ಒಂದು ಧಾರೆ ಸುರಿದು ತಟ್ಟೆಯನ್ನು ಬೋರಲು ಹಾಕುವುದು. ಆ ಧಾರೆಗೆ ಕಡೇ ನೀರು ಎನ್ನುತ್ತಿದ್ದೆವು. ಕಡೇ ನೀರು ಬೀಳದ ತಟ್ಟೆ ಎಷ್ಟೇ ಹೊಳೆದರೂ ಎಂಜಲು. ಎಂಟು ವರ್ಷ ಹಾಗೆ ತೊಳೆದೆ.

ಹಂದಿಜ್ವರದ ಪರೀಕ್ಷೆಗೆ ಆಗ ನಮ್ಮಲ್ಲಿದ್ದ ದಾರಿ ಒಂದೇ. ಎಲ್ಲಿಯಾದರೂ ಹಂದಿಗಳು ಸಾಯತೊಡಗಿದರೆ ಸತ್ತ ಹಂದಿಯ ರಕ್ತ ತರುವುದು, ನಾಲ್ಕು ಆರೋಗ್ಯದ ಮರಿಗಳಿಗೆ ಅದನ್ನು ಚುಚ್ಚುವುದು. ಎರಡಕ್ಕೆ ಮೊದಲೇ ಲಸಿಕೆ ಹಾಕಿರುತ್ತೇವೆ, ಎರಡಕ್ಕೆ ಇಲ್ಲ. ಲಸಿಕೆ ಇಲ್ಲದವು ಜ್ವರ ಬಂದು ಸತ್ತು, ಲಸಿಕೆಯವು ಉಳಿದರೆ ರೋಗ ಅದೇ. ಉಳಿದವನ್ನೂ ಹಿಂದಕ್ಕೆ ಕಳಿಸುವಂತಿರಲಿಲ್ಲ, ರೋಗ ಹೊತ್ತುಕೊಂಡು ಹೋಗಬಹುದು. ನಾಲ್ಕನ್ನೂ ಸುಣ್ಣ ಹಾಕಿ ಹೂಳುತ್ತಿದ್ದೆವು.

ಮರಿಗಳು ಬರುತ್ತಿದ್ದದ್ದು ವಾಡಿಯ ಆಚೆ ಹಂದಿ ಸಾಕಿಕೊಂಡಿದ್ದ ಒಬ್ಬ ಮುದುಕಿಯ ಹಟ್ಟಿಯಿಂದ. ಅವಳಲ್ಲಿ ಎಂದೂ ಜ್ವರ ಬಂದಿರಲಿಲ್ಲ. ಹೊರಗಿನ ಹಂದಿಯನ್ನು ಒಳಗೆ ಬಿಡುತ್ತಿರಲಿಲ್ಲ, ಮದುವೆ ಮನೆಯ ಎಂಜಲು ತರುತ್ತಿರಲಿಲ್ಲ. ಮರಿ ಕೊಡುವಾಗ ಯಾವುದು ಹೋಗಬೇಕೆಂದು ತಾನೇ ಆರಿಸುತ್ತಿದ್ದಳು. ಬೇರೆಯವರ ಕೈ ಹಟ್ಟಿಯೊಳಗೆ ಹೋಗಬಾರದು.

ನನ್ನನ್ನು ಕಂಡರೆ ಅವಳಿಗೆ ನಗು. ಹಂದಿ ಮುಟ್ಟಿ ಬಂದ ದಿನ ನಮ್ಮವ್ವ ಹೊಸ್ತಿಲಾಚೆಯೇ ನಿಲ್ಲಿಸಿ ತಲೆಗೆ ನೀರು ಸುರಿಯುತ್ತಿದ್ದಳು. ಅದು ಹೇಗೋ ಮುದುಕಿಗೆ ಗೊತ್ತಾಗಿತ್ತು.

"ಬರ್ರಿ, ಕುಂದ್ರಿ. ಇವತ್ತ ನಿಮ್ಮವ್ವ ಎಷ್ಟ ಕೊಡ ಸುರೀತಾಳ?"

"ಎರಡು."

"ಬರೇ ಎರಡ? ನನ್ನ ಹಂದಿ ಬೆಲಿ ಇಳದದ ಹಂಗಾರ."

ಒಂದು ಸಲ ನಗಲಿಲ್ಲ. ಅವಳ ಹಳೆಯ ಹೆಣ್ಣು ಹಂದಿಗೆ ಆಗ ಎಂಟು ಮರಿ. "ಇದು ಕಡೇ ಸೂಲು. ಇದರ ಹೊಟ್ಟೀದು ಇನ್ನ ಸಿಗೂದಿಲ್ಲ. ಇವನ್ನ ಬಿಡ್ರಿ ಸಾಯೇಬ್ರ" ಎಂದು ನನ್ನ ಜೊತೆ ಬಂದಿದ್ದ ಡಾಕ್ಟರಿಗೆ ಕೈ ಮುಗಿದಳು.

ಡಾಕ್ಟರು, "ಇವು ಬೇಕಾಗೋದಿಲ್ಲಮ್ಮ. ಬಾಟಲಿಯಲ್ಲಿ ಹಾಕಿದ್ದು ಬದುಕ್ತಿದೆ, ಅದರಲ್ಲೇ ಆಗುತ್ತೆ" ಎಂದರು.

ಅವರು ಹಾಗೆ ಹೇಳಲು ಕಾರಣವಿತ್ತು. ಹಿಂದಿನ ಸೂಲಿನ ಮರಿಯೊಂದರ ಗುಲ್ಮದಿಂದ ಅವರು ಬಿಳಿಯ ಜೀವಕೋಶಗಳನ್ನು ತೆಗೆದು ಗಾಜಿನ ಬಾಟಲಿಯಲ್ಲಿ ಹಾಕಿದ್ದರು. ಮೈಯೊಳಗೆ ರೋಗ ನುಗ್ಗಿದರೆ ಅದನ್ನು ನುಂಗಲು ಹೋಗುವ ಜೀವಕೋಶಗಳು ಅವು. ಹಂದಿಜ್ವರ ಅವುಗಳ ಒಳಗೂ ಹೊಕ್ಕು ಬೆಳೆಯುತ್ತದೆ. ಅವು ಬಾಟಲಿಯಲ್ಲಿ ಬದುಕಿ ಹೆಚ್ಚುತ್ತಾ ಹೋದರೆ ರೋಗದ ರಕ್ತವನ್ನು ಅವುಗಳ ಮೇಲೆ ಹಾಕಿ ನೋಡಬಹುದು, ಮರಿಗಳು ಬೇಡ. ಆದರೆ ಇದಕ್ಕೆ ಮುಂಚೆ ಹಾಕಿದವು ಯಾವುವೂ ಬದುಕಿರಲಿಲ್ಲ. ಏನು ಉಣಿಸಿದರೂ ಎಂಟು ದಿನ, ಹತ್ತು ದಿನ. ಎಷ್ಟೋ ಬಾಟಲಿಗಳು ಹಾಗೆ ಹೋಗಿದ್ದವು.

ಈ ಒಂದು ಬಾಟಲಿ ಉಳಿಯಿತು. ಮೂರು ದಿನಕ್ಕೊಮ್ಮೆ, ಜೀವಕೋಶಗಳಿಗೆ ಉಣಿಸಿದ ಹಳೆಯ ರಸ ತೆಗೆದು ಹೊಸದು ಹಾಕುತ್ತಿದ್ದರು. ಹತ್ತು ದಿನ ದಾಟಿತು, ಇಪ್ಪತ್ತು ದಾಟಿತು. ತಿಂಗಳಾದ ದಿನ ಡಾಕ್ಟರು ನನ್ನನ್ನು ಕರೆದು ಸೂಕ್ಷ್ಮದರ್ಶಕದಲ್ಲಿ ತೋರಿಸಿದರು. ಗಾಜಿನ ತಳಕ್ಕೆ ಹತ್ತಿಕೊಂಡು, ಜೋಳದ ಕಾಳು ಹರವಿದಂತೆ, ಒಂದರ ಪಕ್ಕ ಒಂದು. ನಡುವೆ ಒಂದು ಎರಡಾಗುತ್ತಿತ್ತು.

"ಇದು ಉಳಿದುಕೊಂಡರೆ," ಎಂದರು, ಅಷ್ಟಕ್ಕೇ ನಿಲ್ಲಿಸಿದರು.

ಬಾಟಲಿ ತುಂಬಿಹೋಗಿತ್ತು. ಅವನ್ನು ಕೆರೆದು ಮೂರು ಹೊಸ ಬಾಟಲಿಗಳಿಗೆ ಹಂಚಬೇಕು. ಬಾಟಲಿಯ ಕಡೆಯ ತೊಳೆತವನ್ನು ಡಾಕ್ಟರು ಯಾವಾಗಲೂ ತಾವೇ ಮಾಡುತ್ತಿದ್ದರು, ವಾಡಿ ಸ್ಟೇಷನ್ನಿಗೆ ರೈಲಿನಲ್ಲಿ ಬರುತ್ತಿದ್ದ ಬಟ್ಟಿ ಇಳಿಸಿದ ನೀರಿನಿಂದ. ಅದೇ ದಿನ ಸೇಡಂ ಕಡೆ ಹಂದಿಗಳು ಸಾಯುತ್ತಿವೆ ಎಂದು ಸುದ್ದಿ ಬಂತು. ಅವರು ಹೊರಟರು. ಜೀಪು ಹತ್ತುವಾಗ ಹೇಳಿದರು, "ಬಟ್ಟಿ ನೀರಲ್ಲಿ ಮೂರು ಸಲ. ಆಮೇಲೆ ಒಲೆಯಲ್ಲಿ ಒಣಗಿಸಿಡಿ. ನಾಳೆ ಬಂದು ಹಂಚ್ತೀನಿ."

ಮೂರು ಸಲ ತೊಳೆದೆ. ಬಾಟಲಿಗಳು ಕೈಯಲ್ಲಿದ್ದವು, ಒಳಗೆ ಬಟ್ಟಿ ನೀರಿನ ಹನಿಗಳಿದ್ದವು. ಆ ನೀರು ರೈಲಿನಲ್ಲಿ ಬಂದದ್ದು, ಎಷ್ಟು ದಿನ ಡಬ್ಬಿಯಲ್ಲಿ ನಿಂತದ್ದೋ. ನಮ್ಮ ಹಿತ್ತಿಲಿನ ಬಾವಿಯ ನೀರನ್ನು ನಾನು ಬೆಳಿಗ್ಗೆ ಸೇದಿ, ಬಟ್ಟೆಯಲ್ಲಿ ಸೋಸಿ, ಕುದಿಸಿ ಆರಿಸಿಟ್ಟಿದ್ದೆ. ಯೋಚನೆ ಮಾಡಿದೆ ಎಂದು ಹೇಳಲಾರೆ. ಕೈ ತಾನಾಗಿ ಹೋಯಿತು. ಮೂರಕ್ಕೂ ಒಂದೊಂದು ಧಾರೆ ಸುರಿದೆ, ಬೋರಲು ಹಾಕಿದೆ, ಒಣಗಿಸಿದೆ. ಇನ್ನಷ್ಟು ಚೊಕ್ಕ ಮಾಡಿದೆನೆಂದೇ ನನ್ನ ಭಾವನೆ.

ಮರುದಿನ ಡಾಕ್ಟರು ಬಂದು ಹಂಚಿದರು. ಆ ಕೋಣೆಯ ಬೆಳಕು ಮಂದ, ಅವರಿಗೆ ನಿದ್ದೆ ಇರಲಿಲ್ಲ, ನನ್ನ ತೊಳೆತದ ಮೇಲೆ ಅವರಿಗೆ ನಂಬಿಕೆ. ಹೊಸ ಬಾಟಲಿಗಳ ಜೀವಕೋಶಗಳು ಗಾಜಿಗೆ ಹತ್ತಲಿಲ್ಲ. ಎರಡನೆಯ ದಿನ ಉಂಡೆಯಾಗಿ ತೇಲಿದವು. ಹಳೆಯ ಬಾಟಲಿಯಲ್ಲಿ ಅಲ್ಲೊಂದು ಇಲ್ಲೊಂದು ಉಳಿದಿದ್ದವು, ಒಂಟಿಯಾಗಿ ಅವೂ ಬದುಕಲಿಲ್ಲ. ನಾಲ್ಕನೆಯ ದಿನಕ್ಕೆ ಎಲ್ಲ ಮುಗಿಯಿತು.

ಡಾಕ್ಟರು ರಸವನ್ನು ಬೈದರು, ಸೀಮೆಎಣ್ಣೆಯಿಂದ ನಡೆಯುತ್ತಿದ್ದ ಶಾಖಪೆಟ್ಟಿಗೆಯನ್ನು ಬೈದರು, ತಮ್ಮ ಕೈಯನ್ನೂ ಬೈದುಕೊಂಡರು. ನನ್ನನ್ನು ಬೈಯಲಿಲ್ಲ. ನಾನು ಬಾಟಲಿಗಳನ್ನು ತೊಳೆಯಲು ಹೊರಗೆ ಒಯ್ದೆ. ರಸ ಚೆಲ್ಲಿ, ಒಣಗಿಸಿ, ಬಿಸಿಲಿಗೆ ಹಿಡಿದೆ. ತಳದಲ್ಲಿ, ಜೀವಕೋಶಗಳು ಹತ್ತಿಕೊಳ್ಳಬೇಕಾದ ಜಾಗದಲ್ಲಿ, ಬೆಳ್ಳನೆಯ ಪೊರೆ ಇತ್ತು. ಅಲ್ಲಿಯ ಯಾವ ಮನೆಯ ಹಂಡೆಯಲ್ಲಿ ನೋಡಿದರೂ ಅದೇ ಪೊರೆ, ವರ್ಷಕ್ಕೊಮ್ಮೆ ಕಲ್ಲಿನಿಂದ ಕೆರೆದು ತೆಗೆಯುತ್ತೇವೆ. ಫರಸಿ ಎಂಬ ಸುಣ್ಣಗಲ್ಲಿನ ನೆಲದ ಬಾವಿ, ಅದರ ನೀರಿನಲ್ಲಿ ಸುಣ್ಣವೇ ಹೆಚ್ಚು. ಕುದಿಸಿದರೂ ಪೂರ್ತಿ ಹೋಗುವಂಥದ್ದಲ್ಲ. ನನಗೆ ಅದು ಹುಟ್ಟಿದಾಗಿನಿಂದ ಗೊತ್ತಿತ್ತು.

ಒಳಗೆ ಹೋಗಿ ಬಾಟಲಿಯನ್ನು ಮೇಜಿನ ಮೇಲಿಟ್ಟು ಹೇಳಿದೆ. ಕಡೇ ನೀರು ಎಂದರೇನು ಎಂಬುದನ್ನೂ ಹೇಳಬೇಕಾಯಿತು. ಡಾಕ್ಟರು ಬಾಟಲಿಯನ್ನು ಬೆಳಕಿಗೆ ತಿರುಗಿಸಿ ನೋಡಿದರು.

"ಮೂರು ಸಲ ಅಂದಿದ್ದೆ," ಎಂದರು.

"ಹೌದ್ರಿ."

"ನಾಲ್ಕನೇದು ನಿಮ್ಮದು."

"ಹೌದ್ರಿ."

ಮತ್ತೆ ಹೇಳಿದರು, "ಸೇಡಂನಿಂದ ತಂದ ರಕ್ತ ಮಂಜುಗಡ್ಡೆಯಲ್ಲಿದೆ. ಇನ್ನು ಕಾಯೋ ಹಾಗಿಲ್ಲ. ಅಲ್ಲಿ ದಿನಾ ಸಾಯ್ತಿವೆ." ನನ್ನ ಮುಖ ನೋಡಲಿಲ್ಲ. "ಬೇರೆ ಯಾರ ಹಟ್ಟಿಯನ್ನೂ ನಂಬೋಕಾಗಲ್ಲ. ಮರಿ ತರೋಕೆ ನೀವೇ ಹೋಗಿ."

ವಾಡಿಗೆ ಹೋದೆ. ಮಟಮಟ ಮಧ್ಯಾಹ್ನ. ಮುದುಕಿ ಹಟ್ಟಿಯ ಮುಂದೆ ಕೂತು ತೊಗರಿ ಹೊಟ್ಟು ನೆನೆಸುತ್ತಿದ್ದಳು. ಕೈಯಲ್ಲಿದ್ದ ಬುಟ್ಟಿಗಳನ್ನು ನೋಡಿದಳು. ಎಷ್ಟು ಕೊಡ ಎಂಬ ಮಾತು ಎತ್ತಲಿಲ್ಲ.

"ಬಾಟಲಿ ಏನಾತು?"

"ಸತ್ತವು."

"ಸಾಯೇಬ್ರು ಬದಕಲಿಕತ್ಯಾವ ಅಂದಿದ್ರಲ್ಲ. ಯಾಕ ಸತ್ತವು?"

ಶಾಖ ಹೆಚ್ಚಾಯಿತು ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು. "ನಾ ತೊಳದದ್ದು ತಪ್ಪಾತು," ಎಂದೆ. "ಬಟ್ಟಿ ನೀರಿನ ಮ್ಯಾಲ ಬಾವಿ ನೀರು ಹಾಕಿದೆ. ಯಾರೂ ಹಾಕು ಅಂದಿರಲಿಲ್ಲ."

"ಯಾಕ ಹಾಕಿದಿ?"

ಅಲ್ಲಿಯವರೆಗೆ ಅವಳು ನನ್ನನ್ನು ಬಹುವಚನದಲ್ಲೇ ಕರೆಯುತ್ತಿದ್ದಳು.

"ರೂಢಿ."

ಅವಳು ಹೊಟ್ಟಿನ ಕೈ ಝಾಡಿಸಿಕೊಂಡಳು. "ಎಷ್ಟ ಬೇಕು?"

"ನಾಕು."

"ಹಟ್ಟ್ಯಾಗ ಈಗ ಈ ಎಂಟ ಮರೀನ ಅವ." ಹಟ್ಟಿಯ ಬೇಲಿ ಸರಿಸಿ ಪಕ್ಕಕ್ಕೆ ನಿಂತಳು. "ಈ ಸರ್ತಿ ನೀನ ಆರಿಸು. ನಾ ಆರಸೂದಿಲ್ಲ."

ಒಳಗೆ ಹೋದೆ. ಹೆಣ್ಣು ಹಂದಿ ಮಗ್ಗುಲಾಗಿ ಮಲಗಿ ಹಾಲೂಡುತ್ತಿತ್ತು. ಹಂದಿಮರಿಗಳಿಗೆ ಹುಟ್ಟಿದ ಎರಡು ಮೂರು ದಿನದಲ್ಲೇ ಒಂದೊಂದಕ್ಕೆ ಒಂದೊಂದು ಮೊಲೆ ಗೊತ್ತಾಗಿಬಿಡುತ್ತದೆ, ಆಮೇಲೆ ಅದನ್ನು ಬಿಟ್ಟು ಇನ್ನೊಂದಕ್ಕೆ ಹೋಗುವುದಿಲ್ಲ. ಸಾಲು ಎಂದರೆ ಸಾಲು. ನನಗೆ ಯಾವುದನ್ನೂ ಆರಿಸಲಾಗಲಿಲ್ಲ. ಹಿಂಗಾಲಿನ ಕಡೆಯಿಂದ ಎಣಿಸಿ, ಒಂದು ಬಿಟ್ಟು ಒಂದು, ನಾಲ್ಕನ್ನು ಎತ್ತಿದೆ. ಚೀರಿದವು. ತಾಯಿ ತಲೆ ಎತ್ತಿತು, ಉಳಿದವು ಕುಡಿಯುತ್ತಿದ್ದುದರಿಂದ ಏಳಲಿಲ್ಲ.

ಮುದುಕಿ ಬುಟ್ಟಿಗೆ ಗೋಣಿ ಮುಚ್ಚಿ ತಾನೇ ಬಿಗಿದಳು. ಬೇಲಿ ಎಳೆಯುವ ಮುಂಚೆ ನಾನೊಮ್ಮೆ ತಿರುಗಿ ನೋಡಿದೆ. ನಾಲ್ಕು ಮರಿಗಳು ತಮ್ಮ ತಮ್ಮ ಜಾಗದಲ್ಲೇ ಇದ್ದವು. ನಡುನಡುವೆ ನಾಲ್ಕು ಮೊಲೆ ಖಾಲಿ, ಹಾಲು ಸೋರುತ್ತಿತ್ತು. ಯಾವ ಮರಿಯೂ ಆ ಕಡೆ ಸರಿಯಲಿಲ್ಲ.